ತೊಗರಿ ದರ ಬಿದ್ದರೆ ಕಲಬುರಗಿಯಲ್ಲಿ ಸೈಟಿನ ದರವೂ ಇಳಿಯುತ್ತಾ?

ತೊಗರಿ ದರ ಕುಸಿದಿದೆ, ಸೇಡಂ ರಸ್ತೆ ಕಡೆ 30×40 ಅಡಿ ಸೈಟು ಅಗ್ಗವಾಗುವ ತನಕ ಕಾಯಬೇಕಾ ಅಂತ ಕೇಳಿದ್ದೀರಿ.

ದರ ಇಳಿಯಲಿ ಅಂತ ಕಾಯಬೇಡಿ ಸರ್. ತೊಗರಿ ದುಡ್ಡು ಕಮ್ಮಿಯಾದರೆ ಕೊಳ್ಳುವವರು ಕಮ್ಮಿಯಾಗುತ್ತಾರೆ, ಹಾಗಾಗಿ ಇಳಿಯುವುದು ವ್ಯಾಪಾರ, ದರ ಅಲ್ಲ. ಸಾಲವಿಲ್ಲದೆ ಸೈಟು ಇಟ್ಟುಕೊಂಡವರು ಕಡಿಮೆಗೆ ಕೊಡುವ ಬದಲು ಮುಂದಿನ ರಾಶಿ (ಸುಗ್ಗಿ) ತನಕ ತಡೆದುಕೊಳ್ಳುತ್ತಾರೆ. ಮಗಳ ಮದುವೆಗೋ ಬ್ಯಾಂಕ್ ಸಾಲಕ್ಕೋ ಮಾರಲೇಬೇಕಾದವರು ಮಾತ್ರ ಚೌಕಾಸಿಗೆ ಬಗ್ಗುತ್ತಾರೆ, ಅಂಥವರನ್ನು ಹುಡುಕಿ. ತೊಗರಿ ಮಾರುಕಟ್ಟೆಗೆ ಬರುವ ಡಿಸೆಂಬರ್-ಜನವರಿಗಿಂತ ಮುಂಚೆ, ಮಳೆಗಾಲದಲ್ಲೇ ಮಾತಾಡಿ.

ಸೈಟಿನಲ್ಲಿ ಮನೆ ಕಟ್ಟಿ ಬಾಡಿಗೆಗೆ ಕೊಡುವ ಯೋಚನೆ ಇದ್ದರೆ, ಬಾಡಿಗೆ ಮಾತ್ರ ತೊಗರಿಯ ಮೇಲಲ್ಲ, ಸಂಬಳದ ಮೇಲೆ ನಿಂತಿದೆ. ಸಂವಿಧಾನದ 371(ಜೆ) ವಿಧಿಯಡಿ ಈ ಭಾಗದವರಿಗಿರುವ ಮೀಸಲಾತಿಯಲ್ಲಿ ಕೆಲಸ ಸಿಕ್ಕ ಸರ್ಕಾರಿ ನೌಕರರು, ಕಾಲೇಜು ವಿದ್ಯಾರ್ಥಿಗಳು, ಆಸ್ಪತ್ರೆ ಸಿಬ್ಬಂದಿ ಬರಗಾಲದಲ್ಲೂ ಮನೆ ಹುಡುಕುತ್ತಾರೆ. ಆದರೂ ಲೆಕ್ಕ ಹಾಕಿ: ಸೈಟು, ಕಟ್ಟಡ ಸೇರಿ 40 ಲಕ್ಷ ಬಿದ್ದು ತಿಂಗಳಿಗೆ 10,000 ಬಾಡಿಗೆ ಬಂದರೆ ವರ್ಷಕ್ಕೆ ಶೇ 3. ಗೃಹಸಾಲದ ಬಡ್ಡಿ ಇದರ ಎರಡು ಪಟ್ಟಿಗಿಂತ ಹೆಚ್ಚು. ಬಾಡಿಗೆಯಿಂದ ಕಂತು ಕಟ್ಟುವ ಆಸೆ ಇದ್ದರೆ ಕೈಬಿಡಿ.

ಮುಂಗಡ ಕೊಡುವ ಮುಂಚೆ ಎನ್‌.ಎ. ಆದೇಶ (ಕೃಷಿ ಜಮೀನನ್ನು ಕೃಷಿಯೇತರ ಬಳಕೆಗೆ ಬದಲಿಸಿದ್ದು), ನಗರಾಭಿವೃದ್ಧಿ ಪ್ರಾಧಿಕಾರ ಮಂಜೂರು ಮಾಡಿದ ಲೇಔಟ್ ನಕ್ಷೆ, ಇ-ಖಾತಾ (ಆನ್‌ಲೈನ್ ಆಸ್ತಿ ದಾಖಲೆ), ಕನಿಷ್ಠ 30 ವರ್ಷದ ಇ.ಸಿ. (ಋಣಭಾರ ಪ್ರಮಾಣಪತ್ರ) ನೋಡಿ. ಪಹಣಿ ಮೇಲೆ ಗುಂಟೆ ಲೆಕ್ಕದಲ್ಲಿ ಮಾರುವ ಸೈಟು ಎಷ್ಟು ಅಗ್ಗವಿದ್ದರೂ ಬೇಡ, ಬ್ಯಾಂಕ್ ಸಾಲವೂ ಸಿಗಲ್ಲ.

ಇನ್ನೊಂದು, ಇಲ್ಲಿನ ಎರೆಮಣ್ಣು (ಕಪ್ಪು ಮಣ್ಣು) ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಪಾಯ ಮುರುಮ್ (ಗಟ್ಟಿ ಗರಸು) ಅಥವಾ ಕಲ್ಲು ಸಿಗುವ ತನಕ ಇಳಿಯದಿದ್ದರೆ ಗೋಡೆ ಸೀಳುತ್ತದೆ. ಮಾರುವವರ ಒಪ್ಪಿಗೆ ಪಡೆದು ಒಂದು ಗುಂಡಿ ತೋಡಿಸಿ, ಎರೆ ಎಷ್ಟು ಅಡಿ ಇದೆ ನೋಡಿ, ಆ ಪಾಯದ ಖರ್ಚನ್ನು ಸೈಟಿನ ದರಕ್ಕೆ ಕೂಡಿಸಿಯೇ ಮಾತು ಮುಗಿಸಿ.