ಕೈಕಾಲು ತಾನಾಗಿಯೇ ಆಡುವವರಿಗೆ ಮೆದುಳಿನ ಎಂಆರ್‌ಐ ಮಾಡಲು ಆಗುತ್ತದಾ? ಅದರಲ್ಲಿ ಏನು ಕಾಣುತ್ತದೆ?

ನಿಮ್ಮ ಅಮ್ಮನಿಗೆ 66 ವರ್ಷ, ಶುಗರ್ ಇದೆ, ಮಾತ್ರೆ ಸರಿಯಾಗಿ ತಗೊಳ್ಳುವುದಿಲ್ಲ. ಎಂಟು ದಿನದಿಂದ ಎಡಗೈ, ಎಡಗಾಲು ತಾವಾಗಿಯೇ ಕುಣಿಯುತ್ತಿವೆ. ಎಂಆರ್‌ಐ ಬರೆದುಕೊಟ್ಟಿದ್ದಾರೆ, ಆದರೆ ಅಮ್ಮ ಅಲ್ಲಾಡದೆ ಮಲಗುವುದು ಹೇಗೆ ಅಂತ ಕೇಳಿದ್ದೀರಿ. ನಾನು ಸ್ಕ್ಯಾನ್ ಸೆಂಟರಿನಲ್ಲಿ ಎಂಆರ್‌ಐ ಟೆಕ್ನಿಷಿಯನ್. ಇಂಥವರನ್ನು ಮೆಷಿನ್ ಮೇಲೆ ಮಲಗಿಸಿ ನನಗೆ ಅಭ್ಯಾಸವಿದೆ.

ಆಗುತ್ತದೆ. ಗಾಬರಿ ಬೇಡ. ನಮಗೆ ಅಲ್ಲಾಡದೆ ಇರಬೇಕಾದದ್ದು ತಲೆ ಮಾತ್ರ. ಆದರೆ ಕೈ ಜೋರಾಗಿ ಎಗರಿದರೆ ಭುಜ ಅಲುಗುತ್ತದೆ, ಭುಜದ ಜೊತೆ ತಲೆಯೂ ಅಲುಗಿ ಚಿತ್ರ ಮಸುಕಾಗುತ್ತದೆ. ಅದಕ್ಕೆ ಕಿವಿಯ ಎರಡೂ ಪಕ್ಕ ಸ್ಪಂಜು ತುರುಕುತ್ತೇವೆ, ಮಂಡಿ ಕೆಳಗೆ ದಿಂಬು ಕೊಡುತ್ತೇವೆ. "ಅಲ್ಲಾಡಬೇಡಿ" ಅಂತ ನಾನು ಪದೇ ಪದೇ ಹೇಳುವುದಿಲ್ಲ. ಹೇಳಿದಷ್ಟೂ ಭಯ ಜಾಸ್ತಿ, ಭಯ ಜಾಸ್ತಿಯಾದಷ್ಟೂ ಕೈ ಇನ್ನೂ ಕುಣಿಯುತ್ತದೆ. ಹಿಂದೊಮ್ಮೆ ಒಬ್ಬ ಅಜ್ಜಿ ಬಂದಿದ್ದರು. ಗಾಜಿನ ಬಳೆ ಒಂದೇ ಸಮ ಗಲಗಲ ಅನ್ನುತ್ತಿತ್ತು. ಮಗಳು ಪಾದ ಹಿಡಿದು ಪಕ್ಕದಲ್ಲೇ ನಿಂತಳು. ಸ್ವಲ್ಪ ಹೊತ್ತಿಗೆ ಅಜ್ಜಿಗೆ ಜೊಂಪು ಹತ್ತಿತು, ಬಳೆ ಸದ್ದೂ ನಿಂತಿತು. ನಿದ್ದೆ ಬಂದರೆ ಈ ಆಟ ಬಹುತೇಕ ನಿಲ್ಲುತ್ತದೆ.

ಹಾಗೆ ಆಗದಿದ್ದರೆ ಅರಿವಳಿಕೆ ಡಾಕ್ಟರು ಇಂಜೆಕ್ಷನ್ ಕೊಟ್ಟು ಮಲಗಿಸುತ್ತಾರೆ. ಅದಕ್ಕೆ ಸುಮಾರು ಆರು ಗಂಟೆ ಏನೂ ತಿಂದಿರಬಾರದು. ಅಮ್ಮನಿಗೆ ಶುಗರ್ ಇರುವುದರಿಂದ ಆ ದಿನದ ಮಾತ್ರೆ ಏನು ಮಾಡಬೇಕು ಅಂತ ಮೊದಲೇ ಕೇಳಿಕೊಳ್ಳಿ.

ಇನ್ನು ಏನು ಕಾಣುತ್ತದೆ ಅಂದರೆ, ಒಂದೇ ಪಕ್ಕ ಇದ್ದಕ್ಕಿದ್ದಂತೆ ಹೀಗಾದರೆ ಮೊದಲು ನೋಡುವುದು ಸ್ಟ್ರೋಕ್. ಹಾಗಾಗಿ ಸ್ಕ್ಯಾನ್ ಮುಂದೂಡಬೇಡಿ, ದಯವಿಟ್ಟು. ಎರಡನೆಯದು ಶುಗರ್. ರಕ್ತದಲ್ಲಿ ಸಕ್ಕರೆ ತೀರಾ ಏರಿದಾಗ ಕೆಲವರಿಗೆ, ಅದರಲ್ಲೂ ವಯಸ್ಸಾದ ಹೆಂಗಸರಿಗೆ, ಅರ್ಧ ಮೈ ಹೀಗೆ ಕುಣಿಯುತ್ತದೆ. ಆಗ ಮೆದುಳಿನ ಒಳಗೆ, ನಮ್ಮ ಚಲನೆಯನ್ನು ಹದದಲ್ಲಿಡುವ ಜಾಗದಲ್ಲಿ, ಎಂಆರ್‌ಐನಲ್ಲಿ ತೆಗೆಯುವ ಟಿ1 ಅನ್ನುವ ಒಂದು ಬಗೆಯ ಚಿತ್ರದಲ್ಲಿ ಬಿಳಿ ಮಚ್ಚೆ ಕಾಣುತ್ತದೆ. ಎಡಗೈ ಆಡುತ್ತಿದ್ದರೆ ಮಚ್ಚೆ ಬಲಗಡೆ. ಆ ಅಜ್ಜಿಯ ಚಿತ್ರದಲ್ಲೂ ಇದೇ ಇತ್ತು. ಸಕ್ಕರೆ ಹತೋಟಿಗೆ ಬಂದರೆ ಬಹಳ ಜನಕ್ಕೆ ಕೆಲವು ದಿನ, ವಾರಗಳಲ್ಲಿ ಕಡಿಮೆಯಾಗುತ್ತದೆ. ಮಚ್ಚೆ ಮಾತ್ರ ತಿಂಗಳುಗಟ್ಟಲೆ ಇರಬಹುದು, ಅದನ್ನು ನೋಡಿ ಹೆದರಬೇಡಿ. ನಿಮ್ಮ ಅಮ್ಮನಿಗೂ ಇದೇ ಅಂತ ನಾನು ಹೇಳಲಾರೆ. ಆದರೆ ಇವತ್ತೇ ಶುಗರ್ ನೋಡಿಸಿ, ಸ್ಕ್ಯಾನ್ ದಿನದವರೆಗೆ ಕಾಯಬೇಡಿ.

ಇದನ್ನು ಓದುವ ಬೇರೆಯವರಿಗೂ ಒಂದು ಮಾತು. ಹರೆಯದ ಮಕ್ಕಳಿಗೆ ಕೈ ನಡುಕ, ಮಾತು ತೊದಲುವುದು ಶುರುವಾದರೆ ವಿಲ್ಸನ್ ಕಾಯಿಲೆಯ ಪರೀಕ್ಷೆ ತಪ್ಪದೆ ಮಾಡಿಸಿ. ಮೈಯಲ್ಲಿ ತಾಮ್ರ ಸೇರಿಕೊಳ್ಳುವ ಕಾಯಿಲೆ ಅದು. ಕೆಲವರ ಎಂಆರ್‌ಐನಲ್ಲಿ ಮೆದುಳಿನ ನಡುಭಾಗ ಪಾಂಡಾ ಮುಖದ ಹಾಗೆ ಕಾಣುತ್ತದೆ. ಔಷಧಿ ಇದೆ, ಬೇಗ ಶುರುಮಾಡಬೇಕು ಅಷ್ಟೇ. ಪಾರ್ಕಿನ್ಸನ್ ಇರುವವರಿಗೆ ಸಾಮಾನ್ಯ ಎಂಆರ್‌ಐ ಎಷ್ಟೋ ಸಲ ನಾರ್ಮಲ್ ಅಂತಲೇ ಬರುತ್ತದೆ. ಹಾಗಂತ ಕಾಯಿಲೆ ಇಲ್ಲ ಅಂದುಕೊಂಡು ಮಾತ್ರೆ ಬಿಡಬೇಡಿ.

ಮೈಮೇಲಿನ ಲೋಹವನ್ನೆಲ್ಲ ಮನೆಯಲ್ಲೇ ತೆಗೆದಿಟ್ಟು ಬನ್ನಿ. ತಾಳಿ ತೆಗೆಯಲು ಅಮ್ಮನಿಗೆ ಮನಸ್ಸಾಗದಿದ್ದರೆ ದಾರಕ್ಕೆ ಅರಿಶಿನ ಕೊಂಬು ಕಟ್ಟಿ ಹಾಕಿಸಿ, ನಮ್ಮಲ್ಲಿ ಬಹಳ ಜನ ಹಾಗೇ ಬರುತ್ತಾರೆ. ಪೇಸ್‌ಮೇಕರ್ ಇದ್ದರೆ ಮೊದಲೇ ಫೋನ್ ಮಾಡಿ ಹೇಳಿ. ಮತ್ತೆ, ಕೈ ಆಡುವುದನ್ನು ಮೊಬೈಲಿನಲ್ಲಿ ಒಂದು ನಿಮಿಷ ವಿಡಿಯೊ ಮಾಡಿಕೊಂಡು ಬನ್ನಿ. ರಿಪೋರ್ಟ್ ಬರೆಯುವ ಡಾಕ್ಟರು ಎಷ್ಟೋ ಸಲ ರೋಗಿಯನ್ನು ನೋಡಿರುವುದೇ ಇಲ್ಲ, ಅವರಿಗೂ ತೋರಿಸಿ ಅಂತ ಕೌಂಟರಿನಲ್ಲಿ ಹೇಳಿ.