ಕೇಸು ಹಾಕಿದವರೇ ಕೈಬಿಟ್ಟರೆ ಜಡ್ಜ್‌ಗೇನು ಕೆಲಸ?

ಶಿವಮೊಗ್ಗದ ಓದುಗರೊಬ್ಬರು ನಮ್ಮ ಕಳೆದ ಸಂಚಿಕೆಯ ಲೇಖನ ಓದಿ ಖಾರವಾಗಿಯೇ ಪತ್ರ ಬರೆದಿದ್ದಾರೆ. ಅದರ ಮುಖ್ಯ ಭಾಗ ಇದು: “ನ್ಯೂಯಾರ್ಕ್ ಮೇಯರ್ ಮೇಲೆ ಕೇಸು ಹಾಕಿದ್ದು ಅಮೆರಿಕ ಸರ್ಕಾರ. ಬೇಡ ಅಂತ ವಾಪಸ್ ತೆಗೆದುಕೊಳ್ಳಲು ಹೊರಟದ್ದೂ ಅದೇ ಸರ್ಕಾರ. ನಡುವೆ ಜಡ್ಜ್ ಯಾಕೆ ತಲೆ ಹಾಕಬೇಕು? ಅಧ್ಯಕ್ಷರನ್ನು ಜನ ಆರಿಸಿದ್ದಾರೆ, ಜಡ್ಜ್‌ಗಳನ್ನು ಯಾರು ಆರಿಸಿದ್ದಾರೆ? ಅಲ್ಲಿ ಸರ್ಕಾರಿ ವಕೀಲರನ್ನೂ ಜಡ್ಜ್‌ಗಳೇ ನೇಮಿಸುತ್ತಾರಂತೆ. ನನ್ನ ಮಗಳ ಸಂಸಾರ ನ್ಯೂಜೆರ್ಸಿಯಲ್ಲಿದೆ. ಅಲ್ಲಿ ಈ ಜಗಳ ತಿಂಗಳುಗಟ್ಟಲೆ ನಡೆಯಿತು. ಇದನ್ನೆಲ್ಲ ನೀವು ನ್ಯಾಯಾಂಗದ ಸ್ವಾತಂತ್ರ್ಯ ಅಂತ ಹೊಗಳುವುದು ಸರಿಯಾ?”

ಪ್ರಿಯ ಓದುಗರೇ,

ನಿಮ್ಮ ಮೊದಲ ಪ್ರಶ್ನೆಯಲ್ಲಿ ಅರ್ಧ ಸತ್ಯ ನಿಮ್ಮ ಕಡೆಗೇ ಇದೆ. ಅಮೆರಿಕದಲ್ಲಿ ಕೇಸು ನಡೆಸುವುದು, ಬಿಡುವುದು ಸರ್ಕಾರಿ ವಕೀಲರ ಕೈಯಲ್ಲಿದೆ. ‘ನೀವು ನಡೆಸಲೇಬೇಕು’ ಎಂದು ಜಡ್ಜ್ ಒತ್ತಾಯ ಮಾಡುವ ಹಾಗಿಲ್ಲ. ನ್ಯೂಯಾರ್ಕ್‌ನ ಆಗಿನ ಮೇಯರ್ ಎರಿಕ್ ಆಡಮ್ಸ್ ಕೇಸಿನಲ್ಲಿ ಜಡ್ಜ್ ಡೇಲ್ ಹೋ ಬರೆದದ್ದೂ ಇದನ್ನೇ. ಆದರೂ ಸರ್ಕಾರ ಕೇಳಿದ್ದನ್ನು ಕೇಳಿದ ಹಾಗೆ ಅವರು ಕೊಡಲಿಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿಯೇ ನೋಡೋಣ.

ಆಡಮ್ಸ್ ಮೇಲೆ ಆರೋಪ ಬಂದದ್ದು 2024ರ ಸೆಪ್ಟೆಂಬರ್‌ನಲ್ಲಿ. ಟರ್ಕಿಯವರಿಂದ ವಿಮಾನ ಪ್ರಯಾಣದ ಸೌಲಭ್ಯ, ಅಕ್ರಮ ಚುನಾವಣಾ ದೇಣಿಗೆ ಪಡೆದರು, ಅದಕ್ಕೆ ಬದಲಾಗಿ ಮ್ಯಾನ್‌ಹಟನ್‌ನ ಟರ್ಕಿ ಕಾನ್ಸುಲೇಟ್ ಕಟ್ಟಡ ಬೇಗ ತೆರೆಯಲು ಅಗ್ನಿಶಾಮಕ ಇಲಾಖೆಯ ಮೇಲೆ ಒತ್ತಡ ಹಾಕಿದರು ಎನ್ನುವುದು ಆರೋಪ. ಅವರು ಎಲ್ಲವನ್ನೂ ನಿರಾಕರಿಸಿದರು. ವಿಚಾರಣೆ 2025ರ ಏಪ್ರಿಲ್‌ನಲ್ಲಿ ಶುರುವಾಗಬೇಕಿತ್ತು. ಅಷ್ಟರಲ್ಲಿ ವಾಷಿಂಗ್ಟನ್‌ನಲ್ಲಿ ಸರ್ಕಾರ ಬದಲಾಯಿತು. ಫೆಬ್ರವರಿ 10ರಂದು ನ್ಯಾಯ ಇಲಾಖೆಯ ಹಿರಿಯ ಅಧಿಕಾರಿ ಎಮಿಲ್ ಬೋವಿ ಕೇಸು ಕೈಬಿಡಿ ಎಂದು ನ್ಯೂಯಾರ್ಕ್‌ನ ವಕೀಲರಿಗೆ ಆದೇಶ ಕೊಟ್ಟರು. ಸಾಕ್ಷ್ಯ ಬಲವಾಗಿದೆಯೋ ಇಲ್ಲವೋ ಎಂದು ನೋಡಿ ಕೊಟ್ಟ ಆದೇಶ ಇದಲ್ಲ ಎಂದು ಅದರಲ್ಲೇ ಹೇಳಿತ್ತು. ಚುನಾವಣೆ ಹತ್ತಿರ ಇದೆ, ಈ ಕೇಸಿನಿಂದಾಗಿ ವಲಸೆ ಮತ್ತು ಅಪರಾಧದ ವಿಷಯದಲ್ಲಿ ಮೇಯರ್‌ಗೆ ಸರ್ಕಾರದ ಜೊತೆ ಕೈಜೋಡಿಸಲು ಆಗುತ್ತಿಲ್ಲ ಎನ್ನುವುದು ಕೊಟ್ಟ ಕಾರಣ.

ಇನ್ನೊಂದು ಮಾತೂ ಇತ್ತು, ನನ್ನ ಮಟ್ಟಿಗೆ ಅದೇ ದೊಡ್ಡದು. ಕೇಸನ್ನು ಪೂರ್ತಿ ಮುಗಿಸಿಬಿಡಿ ಎಂದು ಸರ್ಕಾರ ಕೇಳಲಿಲ್ಲ. ಈಗ ಕೈಬಿಡುತ್ತೇವೆ, ಬೇಕಾದರೆ ಮುಂದೆ ಮತ್ತೆ ಹಾಕುತ್ತೇವೆ ಎಂದಿತು. ಅಂದರೆ ಮೇಯರ್ ನೆತ್ತಿಯ ಮೇಲೆ ಕತ್ತಿ ತೂಗುತ್ತಲೇ ಇರಬೇಕು, ಅದರ ಹಗ್ಗ ಸರ್ಕಾರದ ಕೈಯಲ್ಲಿರಬೇಕು.

ಡೇನಿಯಲ್ ಸಸೂನ್ ಎಂಬ ಹಂಗಾಮಿ ಮುಖ್ಯ ಸರ್ಕಾರಿ ವಕೀಲೆ ಇದಕ್ಕೆ ಒಪ್ಪಲಿಲ್ಲ. ಆಕೆ ಟ್ರಂಪ್ ವಿರೋಧಿ ಗುಂಪಿನವರೇನಲ್ಲ. ಸಂಪ್ರದಾಯವಾದಿ ನ್ಯಾಯಮೂರ್ತಿ ಸ್ಕಾಲಿಯಾ ಅವರ ಬಳಿ ಕೆಲಸ ಮಾಡಿದವರು. ಆ ಹುದ್ದೆಗೆ ಅವರನ್ನು ತಂದು ಕೂರಿಸಿದ್ದೂ ಟ್ರಂಪ್ ಆಡಳಿತವೇ. ಮೇಯರ್ ಪರ ವಕೀಲರು ಸಭೆಯೊಂದರಲ್ಲಿ ಮಾತಾಡಿದ್ದು ಕೊಡುಕೊಳ್ಳುವ ವ್ಯವಹಾರದ ಹಾಗಿತ್ತು ಎಂದು ನ್ಯಾಯ ಇಲಾಖೆಯ ಮುಖ್ಯಸ್ಥರಾದ ಅಟಾರ್ನಿ ಜನರಲ್‌ಗೆ ದೀರ್ಘ ಪತ್ರ ಬರೆದರು. ಫೆಬ್ರವರಿ 13ರಂದು ರಾಜೀನಾಮೆ ಕೊಟ್ಟರು. ಅಂಥ ವ್ಯವಹಾರ ನಡೆದೇ ಇಲ್ಲ ಎಂದು ಮೇಯರ್ ವಕೀಲರು ಹೇಳಿದರು, ಅದನ್ನೂ ಇಲ್ಲಿ ಬರೆಯಬೇಕು. ಆಮೇಲೆ ಒಬ್ಬರ ಹಿಂದೆ ಒಬ್ಬರಂತೆ ಹೊರನಡೆದರು. ವಾಟರ್‌ಗೇಟ್ ಹಗರಣದ ನಂತರ, 1976ರಲ್ಲಿ, ಭ್ರಷ್ಟಾಚಾರದ ಕೇಸುಗಳಿಗೆಂದೇ ಕಟ್ಟಿದ ವಿಭಾಗದ ವಕೀಲರೂ ಅವರಲ್ಲಿದ್ದರು. ನ್ಯೂಯಾರ್ಕ್‌ನ ಹೇಗನ್ ಸ್ಕಾಟನ್ ತಮ್ಮ ರಾಜೀನಾಮೆಯಲ್ಲಿ, ಈ ಅರ್ಜಿ ಸಲ್ಲಿಸುವಷ್ಟು ದಡ್ಡನೋ ಹೇಡಿಯೋ ನಿಮಗೆ ಕೊನೆಗೆ ಸಿಕ್ಕಾನು, ಆದರೆ ಅದು ನಾನಂತೂ ಅಲ್ಲ ಎಂದು ಬರೆದರು. ಇರಾಕ್ ಯುದ್ಧದಲ್ಲಿ ಸೇವೆ ಮಾಡಿ ಪದಕ ಪಡೆದ ಮನುಷ್ಯ ಅವರು.

ಈಗ ಜಡ್ಜ್ ಕುರ್ಚಿಯಲ್ಲಿ ಕೂತು ಯೋಚಿಸಿ. ನಿಮ್ಮ ಮುಂದೆ ಎರಡು ಪಕ್ಷ ನಿಂತಿವೆ. ಕೇಸು ಬೇಡ ಅನ್ನುತ್ತದೆ ಸರ್ಕಾರ, ನಮಗೂ ಬೇಡ ಅನ್ನುತ್ತಾರೆ ಆರೋಪಿ. ಇದು ತಪ್ಪು ಎಂದು ವಾದಿಸುವವರು ಕೋರ್ಟಿನಲ್ಲಿ ಒಬ್ಬರೂ ಇಲ್ಲ. ಅದಕ್ಕೇ ಹೋ ಅವರು ಪಾಲ್ ಕ್ಲೆಮೆಂಟ್ ಅವರನ್ನು ಕೋರ್ಟಿಗೆ ಸಲಹೆ ಕೊಡಲು ಕರೆಸಿದರು. ಬುಷ್ ಕಾಲದ ಸಾಲಿಸಿಟರ್ ಜನರಲ್ ಅವರು, ಅಂದರೆ ರಿಪಬ್ಲಿಕನ್ನರ ಕಡೆಯಲ್ಲೇ ಹೆಸರು ಮಾಡಿದವರು. ಕೇಸು ಮುಗಿಸಿ, ಆದರೆ ಮತ್ತೆ ಹಾಕಲು ಬಾರದ ಹಾಗೆ ಮುಗಿಸಿ ಎಂದು ಅವರು ಸಲಹೆ ಕೊಟ್ಟರು. ಏಪ್ರಿಲ್ 2ರಂದು ಜಡ್ಜ್ ಹಾಗೆಯೇ ಮಾಡಿದರು. ಇಲ್ಲಿರುವುದೆಲ್ಲ ಒಂದು ಚೌಕಾಸಿಯ ವಾಸನೆ ಹೊಡೆಯುತ್ತಿದೆ, ವಲಸೆ ನೀತಿಯಲ್ಲಿ ರಿಯಾಯಿತಿ ಕೊಟ್ಟರೆ ಕೇಸು ರದ್ದು ಎನ್ನುವ ಹಾಗಿದೆ ಎಂದು ತೀರ್ಪಿನಲ್ಲಿ ಬರೆದರು.

ಇದು ತಲೆ ಹಾಕಿದ್ದು ಅಂತೀರಾ? ಅವರು ಸರ್ಕಾರದ ಕೆಲಸವನ್ನು ಕಿತ್ತುಕೊಳ್ಳಲಿಲ್ಲ. ಜನ ಆರಿಸಿದ ಒಬ್ಬ ಮೇಯರ್ ಇನ್ನೊಬ್ಬರ ಹಂಗಿನಲ್ಲಿ ಆಡಳಿತ ಮಾಡುವುದಕ್ಕೆ ಕೋರ್ಟಿನ ಮುದ್ರೆ ಒತ್ತಲಿಲ್ಲ, ಅಷ್ಟೇ. ಇದಕ್ಕೆ ಕಾನೂನಿನ ಆಧಾರವೂ ಇದೆ. ಕೇಸು ಕೈಬಿಡಲು ಕೋರ್ಟಿನ ಅನುಮತಿ ಬೇಕು ಎಂದು ಅಲ್ಲಿನ ಕ್ರಿಮಿನಲ್ ನಿಯಮ 48 ಹೇಳುತ್ತದೆ.

ನಮ್ಮಲ್ಲೂ ಹೀಗೇ ಅಲ್ವಾ? ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 321ನೇ ಕಲಂ ಇತ್ತು, ಈಗ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್ಎಸ್ಎಸ್) 360. ಪಬ್ಲಿಕ್ ಪ್ರಾಸಿಕ್ಯೂಟರ್ ಸ್ವಂತ ವಿವೇಚನೆಯಿಂದ ಅರ್ಜಿ ಹಾಕಬೇಕು, ಕೋರ್ಟ್ ಒಪ್ಪಬೇಕು. 2022ರ ಹಳೇ ಹುಬ್ಬಳ್ಳಿ ಗಲಭೆ ಸೇರಿ 43 ಕೇಸುಗಳನ್ನು ವಾಪಸ್ ಪಡೆಯಲು ನಮ್ಮ ರಾಜ್ಯ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಆದೇಶ ಹೊರಡಿಸಿತು. 2025ರ ಮೇ ತಿಂಗಳಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಅಲ್ಲಿ ಒಂದು ಪಕ್ಷ, ಇಲ್ಲಿ ಇನ್ನೊಂದು. ಕಾಯಿಲೆ ಒಂದೇ.

ಆದರೆ ನಿಮ್ಮ ಪತ್ರದಲ್ಲೂ, ಇಂಥ ಚರ್ಚೆಗಳಲ್ಲೂ ಜಾಸ್ತಿ ಕಾಣದ ಒಂದು ವಿಷಯವಿದೆ. ನಾವೆಲ್ಲ ಜಡ್ಜ್‌ಗಳನ್ನೇ ನೋಡುತ್ತೇವೆ. ಜಡ್ಜ್‌ಗೆ ಪೊಲೀಸರಿಲ್ಲ, ತನಿಖಾಧಿಕಾರಿಯಿಲ್ಲ. ಮುಂದೆ ನಿಂತ ಸರ್ಕಾರಿ ವಕೀಲರು ಏನು ಹೇಳುತ್ತಾರೋ ಅದನ್ನು ನಂಬಿಕೊಂಡೇ ಕೋರ್ಟ್ ನಡೆಯುತ್ತದೆ. ಕೇಸು ಗೆಲ್ಲುವುದಕ್ಕಿಂತ ನ್ಯಾಯ ಸಿಗುವುದು ಸರ್ಕಾರಕ್ಕೆ ಮುಖ್ಯವಾಗಬೇಕು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1935ರಲ್ಲೇ, ಬರ್ಗರ್ ಎನ್ನುವ ಕೇಸಿನಲ್ಲಿ ಹೇಳಿತ್ತು. ಸರ್ಕಾರಿ ವಕೀಲ ಗಟ್ಟಿಯಾಗಿ ಹೊಡೆಯಬಹುದು, ಕಳ್ಳೇಟು ಹೊಡೆಯಬಾರದು ಎಂದೂ ಹೇಳಿತ್ತು. ಸಸೂನ್ ಪತ್ರ ಬರೆಯದೆ ಸುಮ್ನೆ ಸಹಿ ಹಾಕಿದ್ದರೆ ಜಡ್ಜ್ ಹೋ ಮುಂದೆ ಬರುತ್ತಿದ್ದದ್ದು ಒಂದು ಮಾಮೂಲಿ ಅರ್ಜಿ ಮಾತ್ರ. ಹಾಗಾಗಿ ಕೋರ್ಟಿನ ಸ್ವಾತಂತ್ರ್ಯದ ಅರ್ಧ ಭಾಗ ಸರ್ಕಾರಿ ವಕೀಲರ ಕಚೇರಿಯಲ್ಲಿದೆ ಎಂದು ನಾನು ನಂಬುತ್ತೇನೆ. ನನಗೆ ಭಯ ಇರುವುದೂ ಅಲ್ಲೇ. ಸರ್ಕಾರಿ ವಕೀಲರ ಮಾತನ್ನು ನಂಬಲಾಗದು ಎಂದು ಜಡ್ಜ್‌ಗಳಿಗೆ ಅನ್ನಿಸಿಬಿಟ್ಟರೆ, ಸಣ್ಣ ಕಳ್ಳತನದ ಕೇಸಿನವರೆಗೂ ಅದರ ಪೆಟ್ಟು ಬೀಳುತ್ತದೆ.

ಇನ್ನು ನೇಮಕದ ಪ್ರಶ್ನೆ. ಫೆಡರಲ್, ಅಂದರೆ ಕೇಂದ್ರದ ಕೋರ್ಟುಗಳಿಗೆಂದು ಮಾಡಿದ ಪ್ರತಿ ಜಿಲ್ಲೆಯ ಮುಖ್ಯ ಸರ್ಕಾರಿ ವಕೀಲರನ್ನು ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ ಒಪ್ಪಬೇಕು. ಹುದ್ದೆ ಖಾಲಿ ಬಿದ್ದರೆ ಅಟಾರ್ನಿ ಜನರಲ್ 120 ದಿನಗಳ ಮಟ್ಟಿಗೆ ಯಾರನ್ನಾದರೂ ಕೂರಿಸಬಹುದು. ಆಮೇಲೂ ಸೆನೆಟ್ ಒಪ್ಪಿದವರು ಬರದಿದ್ದರೆ ಆ ಜಿಲ್ಲೆಯ ಜಡ್ಜ್‌ಗಳು ತಾತ್ಕಾಲಿಕವಾಗಿ ನೇಮಿಸಬಹುದು. ನಿಮ್ಮ ಮಗಳಿರುವ ನ್ಯೂಜೆರ್ಸಿಯಲ್ಲಿ ಆದದ್ದು ಇದೇ. ಟ್ರಂಪ್ ಅವರ ವೈಯಕ್ತಿಕ ವಕೀಲೆಯಾಗಿದ್ದ ಅಲೀನಾ ಹಬ್ಬಾ ಅವರ ಅವಧಿ 2025ರ ಜುಲೈನಲ್ಲಿ ಮುಗಿಯುತ್ತಾ ಬಂತು. ಜಡ್ಜ್‌ಗಳು ಅದೇ ಕಚೇರಿಯ ಎರಡನೇ ಸ್ಥಾನದಲ್ಲಿದ್ದ ಡೆಸಿರೇ ಗ್ರೇಸ್ ಅವರನ್ನು ಆರಿಸಿದರು. ಅಟಾರ್ನಿ ಜನರಲ್ ಪ್ಯಾಮ್ ಬಾಂಡಿ ಕೂಡಲೇ ಗ್ರೇಸ್ ಅವರನ್ನು ಕೆಲಸದಿಂದ ತೆಗೆದು, ಬೇರೆ ದಾರಿಯಿಂದ ಹಬ್ಬಾ ಅವರನ್ನೇ ಉಳಿಸಿಕೊಂಡರು. ಇದನ್ನು ಪ್ರಶ್ನಿಸಿದವರು ಯಾವ ನಾಯಕರೂ ಅಲ್ಲ, ಅಲ್ಲಿನ ಮಾಮೂಲಿ ಕ್ರಿಮಿನಲ್ ಕೇಸುಗಳ ಆರೋಪಿಗಳು. ಆಗಸ್ಟ್‌ನಲ್ಲಿ ಜಡ್ಜ್ ಮ್ಯಾಥ್ಯೂ ಬ್ರಾನ್ ಈ ನೇಮಕ ಕಾನೂನುಬಾಹಿರ ಎಂದರು. ಡಿಸೆಂಬರ್ 1ರಂದು ಮೇಲ್ಮನವಿ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಒಂದು ವಾರಕ್ಕೆ ಹಬ್ಬಾ ರಾಜೀನಾಮೆ ಕೊಟ್ಟರು.

ವರ್ಜೀನಿಯಾದ ಕಥೆ ಇನ್ನೂ ಬಿಚ್ಚಾಗಿತ್ತು. 2025ರ ಸೆಪ್ಟೆಂಬರ್ 20ರಂದು ಟ್ರಂಪ್ ಸೋಷಿಯಲ್ ಮೀಡಿಯಾದಲ್ಲೇ, ತಮ್ಮ ವಿರೋಧಿಗಳ ಮೇಲೆ ಇನ್ನೂ ಯಾಕೆ ಕ್ರಮ ಆಗಿಲ್ಲ ಎಂದು ಬಾಂಡಿ ಅವರನ್ನು ಕೇಳಿದರು. ಅಲ್ಲಿನ ಮುಖ್ಯ ಸರ್ಕಾರಿ ವಕೀಲರು ಒತ್ತಡದಿಂದ ಆಗಲೇ ಹೊರಹೋಗಿದ್ದರು. ಆ ಜಾಗಕ್ಕೆ ಲಿಂಡ್ಸೆ ಹ್ಯಾಲಿಗನ್ ಬಂದರು. ಪ್ರಾಸಿಕ್ಯೂಟರ್ ಆಗಿ ಒಂದು ದಿನದ ಅನುಭವವೂ ಅವರಿಗಿರಲಿಲ್ಲ. ಸೆಪ್ಟೆಂಬರ್ 25ಕ್ಕೆ ಎಫ್‌ಬಿಐ ಮಾಜಿ ನಿರ್ದೇಶಕ ಜೇಮ್ಸ್ ಕೋಮಿ ಮೇಲೆ ಆರೋಪಪಟ್ಟಿ ಬಂತು. ಅದಕ್ಕೆ ಸಹಿ ಹಾಕಿದವರು ಹ್ಯಾಲಿಗನ್ ಒಬ್ಬರೇ. ನವೆಂಬರ್ 24ರಂದು ಜಡ್ಜ್ ಕ್ಯಾಮರಾನ್ ಕರಿ, ಹ್ಯಾಲಿಗನ್ ನೇಮಕವೇ ಸರಿಯಿಲ್ಲ ಎಂದು ಕೋಮಿ ಕೇಸನ್ನೂ, ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಲೆಟಿಶಿಯಾ ಜೇಮ್ಸ್ ಮೇಲಿನ ಕೇಸನ್ನೂ ವಜಾ ಮಾಡಿದರು. ಸರ್ಕಾರ ಮೇಲ್ಮನವಿ ಹಾಕಿತು. ಜೇಮ್ಸ್ ಮೇಲೆ ಮತ್ತೆ ಆರೋಪ ಹೊರಿಸಲು ಡಿಸೆಂಬರ್‌ನಲ್ಲಿ ಎರಡು ಸಲ ಪ್ರಯತ್ನಿಸಿತು. ಎರಡು ಸಲವೂ ಗ್ರ್ಯಾಂಡ್ ಜ್ಯೂರಿ, ಅಂದರೆ ಆರೋಪ ಹೊರಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಮಂಡಳಿ, ಒಪ್ಪಲಿಲ್ಲ. ಆ ಜ್ಯೂರಿಯಲ್ಲಿ ಕೂತವರು ಜಡ್ಜ್‌ಗಳಲ್ಲ, ನಮ್ಮ ನಿಮ್ಮಂಥ ನಾಗರಿಕರು.

ಹಾಗಾದರೆ ಜಡ್ಜ್‌ಗಳಿಗೆ ಈ ನೇಮಕದ ಅಧಿಕಾರ ಕೊಟ್ಟವರು ಯಾರು? ಜನ ಆರಿಸಿದವರೇ. ಇದರ ಬೇರು 1863ರಲ್ಲಿ, ಅಂತರ್ಯುದ್ಧದ ಕಾಲದಲ್ಲಿದೆ. 2006ರಲ್ಲಿ ಭಯೋತ್ಪಾದನೆ ತಡೆಯುವ ಪೇಟ್ರಿಯಟ್ ಕಾಯ್ದೆಯ ನವೀಕರಣದ ಜೊತೆ ಒಂದು ಸಾಲು ಸೇರಿಸಿ ಅದನ್ನು ತೆಗೆದುಹಾಕಲಾಯಿತು. ಅದೇ ವರ್ಷ ಡಿಸೆಂಬರ್ 7ರಂದು ಒಂದೇ ದಿನ ಏಳು ಮುಖ್ಯ ಸರ್ಕಾರಿ ವಕೀಲರನ್ನು ಬುಷ್ ಸರ್ಕಾರ ವಜಾ ಮಾಡಿತು. ರಾಜಕೀಯ ಕಾರಣಕ್ಕೇ ತೆಗೆದರು ಎಂದು ಗಲಾಟೆ ಎದ್ದಿತು. ಆಗ ಸೆನೆಟ್ 94–2 ಮತಗಳಿಂದ ಹಳೆಯ ನಿಯಮವನ್ನು ವಾಪಸ್ ತಂದಿತು. 2007ರ ಜೂನ್‌ನಲ್ಲಿ ಅದಕ್ಕೆ ಸಹಿ ಹಾಕಿದ್ದು ಅಧ್ಯಕ್ಷ ಬುಷ್ ಅವರೇ.

– ಸಂಪಾದಕ