ಪ್ರಾಜೆಕ್ಟ್ ಸಾಫ್ಟ್‌ವೇರ್ ಹಾಕಿದರೆ ರಸ್ತೆ ಕೆಲಸ ಬೇಗ ಮುಗಿಯುತ್ತದೆಯೇ?

ಪುಣೆಯಲ್ಲಿ ರಸ್ತೆ ಗುತ್ತಿಗೆ ಹಿಡಿದಿರುವ ನೀವು ಕೇಳಿದ್ದಕ್ಕೆ ನೇರ ಉತ್ತರ: ಡಾಂಬರು ಹಾಸುವ ವೇಗ ಹೆಚ್ಚುವುದಿಲ್ಲ, ಕಾಯುವ ಹೊತ್ತು ಕಡಿಮೆಯಾಗುತ್ತದೆ.

ಜಲ್ಲಿ ಪದರ ಮುಗಿದ ಮೇಲೆ ತಪಾಸಣೆಯ ಕೋರಿಕೆ ಕಾಗದದಲ್ಲಿ ಹೋದರೆ ಅದು ಯಾರ ಮೇಜಿನ ಮೇಲೆ ಕೂತಿದೆ ಎಂದೇ ತಿಳಿಯುವುದಿಲ್ಲ. ಅಷ್ಟರಲ್ಲಿ ರೋಲರ್, ಟಿಪ್ಪರ್ ಬಾಡಿಗೆ ಏರುತ್ತಲೇ ಇರುತ್ತದೆ. ಸಾಫ್ಟ್‌ವೇರಿನಲ್ಲಿ ಚೈನೇಜ್ (ರಸ್ತೆಯ ಆರಂಭದಿಂದ ಅಳೆದ ದೂರ), ಪದರ, ಸಾಂದ್ರತೆ ಪರೀಕ್ಷೆಯ ಫಲಿತಾಂಶ, ಕೋರಿಕೆ ಕಳಿಸಿದ ಗಂಟೆ ಎಲ್ಲವೂ ಒಂದೇ ಕಡೆ ಸಿಗುತ್ತವೆ. ಜೂನ್ ಮಳೆಗೆ ಮುಂಚೆ ಡಾಂಬರು ಮುಗಿಸಬೇಕಾದ ಊರಲ್ಲಿ ಹೀಗೆ ನಾಲ್ಕು ದಿನ ಉಳಿತಾಯವಾದರೂ ಅದು ಸಣ್ಣದಲ್ಲ.

ಗುಣಮಟ್ಟಕ್ಕೂ ಲಾಭವಿದೆ. ವಿಜಿ-30 ಎಂಬ ದರ್ಜೆಯ ಡಾಂಬರಿನ ಮಿಶ್ರಣ ಹಾಸುವಾಗ ಕನಿಷ್ಠ 140 ಡಿಗ್ರಿ ಸೆಲ್ಸಿಯಸ್ ಇರಬೇಕು. ಲಾರಿ ಮಿಶ್ರಣದ ಪ್ಲಾಂಟ್ ಬಿಟ್ಟ ಹೊತ್ತು, ಪೇವರ್ (ಡಾಂಬರು ಹಾಸುವ ಯಂತ್ರ) ಬಳಿ ಅಳೆದ ತಾಪ ಎರಡೂ ದಾಖಲಾದರೆ ಟ್ರಾಫಿಕ್‌ನಲ್ಲಿ ಸಿಕ್ಕು ತಣ್ಣಗಾದ ಲೋಡು ಸಿಕ್ಕಿಬೀಳುತ್ತದೆ.

ಕೆಡುವುದೆಲ್ಲಿ? ವಾರದ ಲೆಕ್ಕವನ್ನೆಲ್ಲ ಶನಿವಾರ ಸಂಜೆ ಅಂದಾಜಿನಲ್ಲಿ ತುಂಬಿದಾಗ. ಕಲಬುರಗಿ, ವಿಜಯಪುರ ಕಡೆಯ ಮೇಸ್ತ್ರಿ ಕೈಗೆ ಇಂಗ್ಲಿಷ್ ಫಾರಂ ಕೊಟ್ಟರೆ ಆಗುವುದೂ ಇದೇ. ಮೊಬೈಲಿನಲ್ಲಿ ಕನ್ನಡದಲ್ಲೋ ಮರಾಠಿಯಲ್ಲೋ ಐದಾರು ಕಾಲಂ, ಒಂದು ಫೋಟೊ ಸಾಕು. ಜಾಗದ ತಕರಾರು, ನೀರಿನ ಪೈಪ್ ಸ್ಥಳಾಂತರ ಮಾತ್ರ ಯಾವ ಸಾಫ್ಟ್‌ವೇರಿಗೂ ಬಗ್ಗುವುದಿಲ್ಲ.